ಎಲ್ಲರೂ ಹತ್ತಿದ ಹಳದಿ ವ್ಯಾನು

ಇದು ಅವರೆಕಾಳು. ರಾತ್ರಿಯೇ ನೆನೆಸಿಟ್ಟಿದ್ದೆ, ಈಗ ಒಂದೊಂದೇ ಹಿತಕುತ್ತಾ ಕೂತಿದ್ದೇನೆ. ಪಾತ್ರೆ ತುಂಬಾ ಇದೆ, ಬೇಗ ಮುಗಿಯುವ ಕೆಲಸ ಅಲ್ಲ. ಅಷ್ಟರಲ್ಲಿ ಈ ವ್ಲಾಗಿನಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ 'ಲಿಟಲ್ ಮಿಸ್ ಸನ್‌ಶೈನ್' ಸಿನಿಮಾ ಇಷ್ಟವಿಲ್ಲ. ನಿನ್ನೆ ಮೂರನೇ ಸಲ ನೋಡಲು ಕೂತೆ. ಆಗಲೂ ಇಲ್ಲ.

ಅಣ್ಣನಿಗೆ ಅದು ಅಂದರೆ ಪ್ರಾಣ. "ನಿನಗೆ ಸಿನಿಮಾ ನೋಡೋಕೇ ಬರಲ್ಲ ಕಣೇ" ಅನ್ನುತ್ತಾನೆ. ಅವನ ಕಡೆ ಜನವೂ ಜಾಸ್ತಿ. 2006ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಫಾಕ್ಸ್ ಸರ್ಚ್‌ಲೈಟ್ ಅನ್ನುವ ಸಿನಿಮಾ ಕಂಪನಿ 1 ಕೋಟಿ 5 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ತೆಗೆಯಲು ಆದ ಖರ್ಚು ಸುಮಾರು 80 ಲಕ್ಷ ಡಾಲರ್, ಬಂದಿದ್ದು ಸುಮಾರು 10 ಕೋಟಿ. ಚಿತ್ರಕಥೆಗೆ ಮೈಕೆಲ್ ಆರ್ನ್‌ಟ್‌ಗೆ ಆಸ್ಕರ್, ತಾತನ ಪಾತ್ರಕ್ಕೆ ಆಲನ್ ಆರ್ಕಿನ್‌ಗೆ ಇನ್ನೊಂದು. ಇಷ್ಟೆಲ್ಲ ಇರುವಾಗ ನನ್ನ ಮಾತು ಯಾರು ಕೇಳುತ್ತಾರೆ? ಅವರೆಕಾಳಂತೂ ಕೇಳುತ್ತಿದೆ.

ಕಥೆ ಸಣ್ಣದು. ಆಲಿವ್ ಅನ್ನುವ ಪುಟ್ಟ ಹುಡುಗಿಗೆ ಮಕ್ಕಳ ಸೌಂದರ್ಯ ಸ್ಪರ್ಧೆಯಲ್ಲಿ ಅವಕಾಶ ಸಿಗುತ್ತದೆ. ಮನೆಯವರೆಲ್ಲ ಹಳದಿ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಅಮೆರಿಕದ ಆಲ್ಬುಕರ್ಕಿ ಊರಿನಿಂದ ಕ್ಯಾಲಿಫೋರ್ನಿಯಾದ ರೆಡಾಂಡೊ ಬೀಚಿಗೆ ಹೊರಡುತ್ತಾರೆ.

ನನ್ನ ತಕರಾರು ಹೊರಡುವ ಮೊದಲೇ, ರಾತ್ರಿಯೂಟದಲ್ಲೇ ಶುರು. ಮೇಜಿನ ಮೇಲೆ ಅಂಗಡಿಯ ಕರಿದ ಕೋಳಿ. ಸುತ್ತ ಕೂತವರ ಕತ್ತಿಗೆಲ್ಲ 'ನಾನು ಹೀಗೆ' ಅಂತ ಒಂದೊಂದು ಬೋರ್ಡು ತಗುಲಿಸಿದ ಹಾಗಿದೆ. ಅಪ್ಪ, ಗೆಲ್ಲಲು ಒಂಬತ್ತು ಮೆಟ್ಟಿಲು ಅಂತ ಪಾಠ ಮಾಡುತ್ತಾನೆ, ತಾನು ಮಾತ್ರ ಸೋಲುತ್ತಲೇ ಇದ್ದಾನೆ. ತಾತ ಹೆರಾಯಿನ್ ಸೇದುತ್ತಾರೆ. ಆಲಿವ್‌ಳ ಅಣ್ಣ ಪೈಲಟ್ ಆಗುವವರೆಗೂ ಮಾತಾಡಲ್ಲ ಅಂತ ತಿಂಗಳುಗಟ್ಟಲೆ ಮೌನ, ರೂಮಿನಲ್ಲಿ ಜರ್ಮನ್ ತತ್ವಜ್ಞಾನಿ ನೀಚೆಯ ದೊಡ್ಡ ಚಿತ್ರ ಬೇರೆ. ಸೋದರಮಾವ ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದು ಬಂದವನು. ಬರೀ ಮೇಷ್ಟ್ರಾಗಿದ್ದರೆ ಸಾಲದಾ? ಇಲ್ಲ, ಫ್ರೆಂಚ್ ಲೇಖಕ ಪ್ರೂಸ್ಟ್‌ನನ್ನು ಓದಿದವರಲ್ಲಿ ಇಡೀ ಅಮೆರಿಕಕ್ಕೇ ನಂಬರ್ ಒನ್ ಆಗಿರಬೇಕು. ಅಮ್ಮನ ಕತ್ತಿಗೆ ಮಾತ್ರ ಬೋರ್ಡಿಲ್ಲ. ಉಳಿದವರನ್ನೆಲ್ಲ ಸುಧಾರಿಸಲು ಒಬ್ಬರು ಬೇಕಲ್ಲ. ಟೋನಿ ಕೊಲೆಟ್‌ನಂಥ ನಟಿಯನ್ನು ಕರೆತಂದು ಈ ಕೆಲಸ ಕೊಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ ವಿಚಿತ್ರದವರು ಇಲ್ವಾ? ನಮ್ಮ ದೊಡ್ಡಪ್ಪ ಬಸ್ ಟಿಕೆಟ್ ಎಸೆಯುತ್ತಿರಲಿಲ್ಲ. ಅದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಬೀರು ಸರಿಸಿದಾಗ. ಹಿಂದೆ ಮೂರು ಬಿಸ್ಕೆಟ್ ಡಬ್ಬಿ, ತುಂಬಾ ಟಿಕೆಟ್ಟು. ಯಾಕೆ ಅಂತ ಕೇಳಿದರೆ "ಇರ್ಲಿ ಬಿಡೇ" ಅಂದರು. ಮೊದಲ ಊಟದಲ್ಲೇ ಅದನ್ನು ಹೇಳಿಬಿಟ್ಟಿದ್ದರೆ ನಾನು ಡಬ್ಬಿ ತೆಗೆದು ಹಾಗೆ ನಿಂತಿರುತ್ತಿರಲಿಲ್ಲ.

ಇನ್ನು ಸಾವಿನ ಭಾಗ. ದಾರಿಯಲ್ಲೇ ತಾತ ತೀರಿಹೋಗುತ್ತಾರೆ. ಆಸ್ಪತ್ರೆಯ ಕಾಗದಪತ್ರಕ್ಕೆ ಕಾದರೆ ಸ್ಪರ್ಧೆಗೆ ಹೊತ್ತಾಗುತ್ತದೆ ಅಂತ ಇವರು ಹೆಣವನ್ನು ಕಿಟಕಿಯಿಂದ ಇಳಿಸಿ ವ್ಯಾನಿಗೆ ಹಾಕಿಕೊಳ್ಳುತ್ತಾರೆ. ಜನ ಬಿದ್ದು ಬಿದ್ದು ನಗುವ ಜಾಗ ಇದು. ನನಗೆ ಸಾವಿನ ಮನೆಯ ನಗು ಗೊತ್ತಿಲ್ಲದ್ದೇನಲ್ಲ. ನಮ್ಮ ಅಜ್ಜಿ ಹೋದ ದಿನ ದೂರದ ನೆಂಟರೊಬ್ಬರು ಗೊಳೋ ಅಂತ ಅಳುತ್ತಾ ಬಂದು, ಅಳುವಿನ ನಡುವೆಯೇ "ನಂಗೆ ಸಕ್ಕರೆ ಬೇಡಮ್ಮ" ಅಂದಿದ್ದರು. ನಾವು ಮೊಮ್ಮಕ್ಕಳೆಲ್ಲ ಹಿತ್ತಲಿಗೆ ಓಡಿಹೋಗಿ ನಕ್ಕೆವು. ಪಾಪ, ಅವರು ನಗಿಸಲು ಹೇಳಿದ್ದಲ್ಲ. ಸಿನಿಮಾದವರು ಮಾತ್ರ ಕಿಟಕಿಯ ಪಕ್ಕ ನಿಂತು, ನಕ್ಕರಾ ಅಂತ ನಮ್ಮ ಮುಖ ನೋಡುತ್ತಿದ್ದಾರೆ ಅನಿಸುತ್ತದೆ.

ಅಯ್ಯೋ, ಒಂದು ಕಾಳು ಕ್ಯಾಮೆರಾಗೇ ಹಾರಿತು. ಇರಲಿ.

ವ್ಯಾನಿನ ಬಗ್ಗೆ ನನಗೆ ದೂರಿಲ್ಲ. ಕ್ಲಚ್ ಹೋಗಿದೆ. ಎಲ್ಲರೂ ತಳ್ಳಬೇಕು, ಉರುಳಲು ಶುರುವಾದ ಮೇಲೆ ಓಡಿ ಓಡಿ ಒಬ್ಬೊಬ್ಬರೇ ಹತ್ತಬೇಕು. ಮಾವನ ಹಳೇ ವ್ಯಾನು ತಳ್ಳಿ ಬೆಳೆದವಳು ನಾನು. ಕೊನೆಗೆ ಹತ್ತುವವನ ಮುಖದಲ್ಲಿ ಬಿಟ್ಟುಹೋಗ್ತಾರೇನೋ ಅನ್ನುವ ಭಯ ಇರುತ್ತದಲ್ಲ, ಅದು ನಿಜವಾದ ತಮಾಷೆ. ಅಲ್ಲಿ ಯಾರ ಬೋರ್ಡೂ ಲೆಕ್ಕಕ್ಕಿಲ್ಲ. ಪ್ರೂಸ್ಟ್ ಪಂಡಿತನೂ ಓಡಬೇಕು.

ಇನ್ನೊಂದು ದೃಶ್ಯ ಇದೆ. ಆಲಿವ್‌ಳ ಅಣ್ಣನಿಗೆ ಬಣ್ಣ ಸರಿಯಾಗಿ ಕಾಣಲ್ಲ, ಪೈಲಟ್ ಆಗಲು ಆಗಲ್ಲ ಅಂತ ವ್ಯಾನಿನಲ್ಲೇ ಗೊತ್ತಾಗುತ್ತದೆ. ಅವನು ಕೆಳಗಿಳಿದು ಓಡಿಹೋಗಿ ಕಿರುಚುತ್ತಾನೆ. ಮೌನ ಮುರಿಯಿತು. ದೊಡ್ಡವರು ಏನು ಹೇಳಿದರೂ ಬರಲ್ಲ ಅನ್ನುತ್ತಾನೆ. ಆಗ ಆಲಿವ್ ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ಹೋಗಿ ಅವನ ಪಕ್ಕ ಕೂರುತ್ತಾಳೆ. ಹೆಗಲ ಮೇಲೆ ಕೈ ಹಾಕುತ್ತಾಳೆ. ಒಂದು ಮಾತೂ ಇಲ್ಲ. ಅವನು ಎದ್ದು ಬರುತ್ತಾನೆ, ಏರಿನಲ್ಲಿ ಅವಳನ್ನು ಎತ್ತಿಕೊಂಡು ಹತ್ತಿಸುತ್ತಾನೆ. ಇದನ್ನು ಬರೆಯಲು, ತೆಗೆಯಲು ಬಲ್ಲವರು ಆ ಊಟದ ಮೇಜನ್ನು ಯಾಕೆ ಹಾಗೆ ಮಾಡಿದರು? ಇಡೀ ಸಿನಿಮಾ ಕೆಟ್ಟದಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಿನ್ನೆ ಆ ದೃಶ್ಯವನ್ನು ಹಿಂದಕ್ಕೆ ಹಾಕಿ ಎರಡು ಸಲ ನೋಡಿದೆ. ಸ್ಪರ್ಧೆ, ಡ್ಯಾನ್ಸ್ ಎಲ್ಲ ಇನ್ನೂ ಬಾಕಿ ಇತ್ತು. ಟಿವಿ ಆರಿಸಿ ಮಲಗಿದೆ. ಅಣ್ಣನಿಗೆ ಪೂರ್ತಿ ನೋಡಿದೆ ಅಂತಲೇ ಹೇಳಿದ್ದೇನೆ. ಅವನು ನನ್ನ ವ್ಲಾಗ್ ಎರಡು ನಿಮಿಷಕ್ಕಿಂತ ಜಾಸ್ತಿ ನೋಡಲ್ಲ, ಭಯವಿಲ್ಲ.