ಇನ್ನೊಂದು ವಹಿ ಬೇಕು

ನಮಸ್ಕಾರ. ಇವತ್ತು ಒಂದು ಏಣಿಯ ಬಗ್ಗೆ, ಕಚೇರಿಯಲ್ಲಿ ಆದ ಪೆಟ್ಟನ್ನು ಬರೆದಿಡುವ ಒಂದು ವಹಿಯ, ಅಂದರೆ ರಿಜಿಸ್ಟರಿನ ಬಗ್ಗೆ ಮಾತಾಡಬೇಕು.

ಧಾರವಾಡದ ಒಂದು ಸರ್ಕಾರಿ ಕಚೇರಿ. ಹೆಸರು ಬೇಡ. ಅಲ್ಲಿನ ರೆಕಾರ್ಡ್ ರೂಮಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಹಂಚಿನ ಮಾಡು, ದಪ್ಪ ಗೋಡೆ, ಒಂದೇ ಬಾಗಿಲು. ಸೂರಿನ ತನಕ ಕಬ್ಬಿಣದ ರ‍್ಯಾಕು, ಅದರ ತುಂಬ ಬಟ್ಟೆಯಲ್ಲಿ ಕಟ್ಟಿಟ್ಟ ಕಡತದ ಗಂಟುಗಳು. ಅದಕ್ಕೆ ರುಮಾಲು ಅನ್ನುತ್ತೇವೆ. ನಮ್ಮ ಭಾಗ 1956ರ ತನಕ ಮುಂಬೈ ಆಡಳಿತದಲ್ಲಿತ್ತಲ್ಲ, ಹಾಗಾಗಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳೂ ಇದ್ದವು. ಹಳೆಯದೆಲ್ಲ ಮೇಲಿನ ಸಾಲಿನಲ್ಲಿ. ಹಳೆಯದು ಬೇಕು ಅಂದರೆ ಏಣಿ ಹತ್ತಲೇಬೇಕು.

ಆ ಏಣಿ ಕಟ್ಟಿಗೆಯದು. ಕೆಳಗಿನಿಂದ ಐದನೇ ಮೆಟ್ಟಿಲು ಸೀಳಿತ್ತು. ಅದಕ್ಕೆ ಬೈಂಡಿಂಗ್ ವೈರ್ ಸುತ್ತಿದ್ದರು. ಹತ್ತುವಾಗ ಆ ಮೆಟ್ಟಿಲು ಬಿಟ್ಟು ಕಾಲಿಡಬೇಕು ಅನ್ನುವುದು ನಮಗೆಲ್ಲ ರೂಢಿ. ಹೊಸಬರು ಬಂದರೆ ಅದನ್ನೇ ಮೊದಲು ಹೇಳಿಕೊಡುತ್ತಿದ್ದೆವು.

ಒಂದು ದಿನ ಹಳೇ ಕಾಗದವೊಂದರ ನಕಲು ಕೇಳಿ ಅರ್ಜಿ ಬಂತು. ಸಾಹೇಬರಿಗೆ ಅರ್ಧ ಗಂಟೆಯಲ್ಲಿ ಆ ರುಮಾಲು ಮೇಜಿನ ಮೇಲೆ ಬೇಕು. ನಮ್ಮ ದಲಾಯತ (ಜವಾನ) ಕಾಕಾ ಹತ್ತಿದರು. ಆಗ ಅವರಿಗೆ ಐವತ್ತು ದಾಟಿತ್ತು. ಹತ್ತುವಾಗ ಐದನೇ ಮೆಟ್ಟಿಲು ನೆನಪಿತ್ತು. ಇಳಿಯುವಾಗ ಎರಡೂ ಕೈಯಲ್ಲಿ ಗಂಟು, ಕಾಲು ಕಾಣಲಿಲ್ಲ.

ಸಪ್ಪಳ ಕೇಳಿ ಓಡಿದೆ. ಧೂಳು ಹೊಗೆಯ ಹಾಗೆ ತುಂಬಿತ್ತು. ಕಾಕಾ ನೆಲದ ಮೇಲೆ ಕೂತು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ನನ್ನನ್ನು ನೋಡಿ ಅವರು ಆಡಿದ ಮೊದಲ ಮಾತು: "ಅಕ್ಕಾರ, ಕಾಗದಾ ಹರದಿಲ್ಲ ಹೌದಲ್ರೀ?"

"ಕಾಗದಾ ಇರ್ಲಿ ಕಾಕಾ, ಕೈ ತೋರಸ್ರಿ" ಅಂದೆ. ಎಲುಬು ಮುರಿದಿತ್ತು.

ಮುಂದೆ ಏನಾಯಿತು? ಕಾಕಾ ತಮ್ಮ ಲೆಕ್ಕದಲ್ಲಿದ್ದ ರಜೆ ಹಾಕಿಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದು ಮತ್ತೆ ಕೂತರು. ಕಚೇರಿಯ ಯಾವ ಕಾಗದದಲ್ಲೂ ಆ ದಿನ ಅಲ್ಲಿ ಒಬ್ಬರ ಕೈ ಮುರಿಯಿತು ಅಂತ ಒಂದು ಸಾಲು ಇಲ್ಲ. ದಿನವಿಡೀ ಬರೆಯುವ ಕೆಲಸ ನನ್ನದು. ನಾನೂ ಬರೆಯಲಿಲ್ಲ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಯಾಕೆ ಗೊತ್ತಾ? ರಾಜ್ಯ ಸರ್ಕಾರದ ಸೇವಾ ನಿಯಮಗಳಲ್ಲಿ ಸ್ಪೆಷಲ್ ಡಿಸೆಬಿಲಿಟಿ ಲೀವ್ ಅಂತ ಒಂದು ರಜೆ ಇದೆ. ಕರ್ತವ್ಯದಿಂದಾಗಿಯೇ ಪೆಟ್ಟಾದರೆ ಕೇಳಬಹುದಾದ ರಜೆ. ಆದರೆ ಪೆಟ್ಟು ಕೆಲಸದಲ್ಲೇ ಆಯಿತು ಅಂತ ತೋರಿಸಬೇಕು, ಮೇಲಿನವರಿಗೆ ತಡಮಾಡದೆ ತಿಳಿಸಿರಬೇಕು. ಆ ಒಂದು ಸಾಲು ಅವತ್ತೇ ಬರೆದಿದ್ದರೆ ಕಾಕಾ ಸ್ವಂತ ರಜೆ ಕಳೆದುಕೊಳ್ಳದೆ ಅದನ್ನು ಕೇಳಬಹುದಿತ್ತು. ನನಗೆ ಈ ನಿಯಮ ಗೊತ್ತಾದದ್ದು ಎರಡು ವರ್ಷದ ನಂತರ.

ನಮ್ಮ ಕಚೇರಿಗಳಲ್ಲಿ ವಹಿಗಳಿಗೆ ಬರ ಇಲ್ಲ. ಹಾಜರಿ ಪುಸ್ತಕ, ಬಂದ-ಹೋದ ಕಾಗದಗಳ ಆವಕ-ಜಾವಕ, ಚಲನವಲನ ವಹಿ, ನಗದು ಘೋಷಣೆ ವಹಿ. ಬೆಳಿಗ್ಗೆ ಜೇಬಿನಲ್ಲಿ ಎಷ್ಟು ದುಡ್ಡಿತ್ತು ಅಂತ ಬರೆಯಲು ಜಾಗ ಇದೆ. ಮಧ್ಯಾಹ್ನ ಕೈ ಮುರಿದದ್ದನ್ನು ಬರೆಯಲು ಇಲ್ಲ. ನಾನು ಕೇಳುವುದು ಇಷ್ಟೇ: ಪ್ರತಿ ಸರ್ಕಾರಿ ಕಚೇರಿಯಲ್ಲೂ ಒಂದು ಪೆಟ್ಟಿನ ವಹಿ ಇರಲಿ.

ನನ್ನ ಅಕ್ಕನ ಮಗ ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಅಲ್ಲಿ ಎಣ್ಣೆ ಚೆಲ್ಲಿ ಯಾರಾದರೂ ಜಾರಿ, ಬೀಳದೆ ಸಾವರಿಸಿಕೊಂಡರೂ ಬರೆಯುತ್ತಾರಂತೆ. ನಿಯರ್ ಮಿಸ್ ಅನ್ನುತ್ತಾರೆ. ಕೂದಲೆಳೆಯಲ್ಲಿ ತಪ್ಪಿದ್ದು. ಇವತ್ತು ಜಾರಿದ ಜಾಗದಲ್ಲೇ ನಾಳೆ ಯಾರೋ ಬೀಳುತ್ತಾರೆ, ಅದಕ್ಕೇ ಬರೆಯುವುದು. ಕಾರ್ಖಾನೆಗಳಿಗೆ 1948ರ ಕಾಯ್ದೆಯೇ ಹೇಳಿತ್ತು: ಪೆಟ್ಟಾದವರು 48 ಗಂಟೆ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ತಿಳಿಸಬೇಕು ಅಂತ.

ಈಗ ಹೊಸ ಸಂಹಿತೆ ಬಂದಿದೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸಂಹಿತೆ. 2020ರಲ್ಲಿ ಪಾಸಾಗಿ, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರ ಶುರುವಿನಲ್ಲೇ ಒಂದು ಮಾತಿದೆ: ಕೇಂದ್ರ, ರಾಜ್ಯ ಸರ್ಕಾರದ ಕಚೇರಿಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅದೇ ಕಚೇರಿಯಲ್ಲಿ ಕಾಂಟ್ರ್ಯಾಕ್ಟರ್ ಮೂಲಕ ಕೆಲಸಕ್ಕೆ ಬಂದವರಿಗೆ ಅನ್ವಯಿಸುತ್ತದೆ. ಅಂದರೆ ಕಸ ಗುಡಿಸಲು ಏಜೆನ್ಸಿಯಿಂದ ಬಂದ ತಂಗಿಗೆ ಈ ಕಾನೂನು ಉಂಟು, ಪಕ್ಕದಲ್ಲೇ ಏಣಿ ಹತ್ತುವ ಕಾಯಂ ದಲಾಯತನಿಗೆ ಇಲ್ಲ. ಏಣಿ ಇಬ್ಬರಿಗೂ ಒಂದೇ ಅಲ್ವಾ? ಕಾನೂನು ಬಿಟ್ಟ ಜಾಗವನ್ನು ಕಚೇರಿಯ ಮುಖ್ಯಸ್ಥರು ತುಂಬಬೇಕು. ವಹಿ ಇಡಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ.

ಪೆಟ್ಟು ಅಂದರೆ ಬಿದ್ದದ್ದು ಮಾತ್ರ ಅಲ್ಲ. ನನಗೆ ಮೂರನೇ ವರ್ಷದಿಂದ ಕೆಮ್ಮು ಶುರುವಾಯಿತು. ರವಿವಾರ ಕಡಿಮೆ, ಸೋಮವಾರ ಸಂಜೆಗೆ ಜಾಸ್ತಿ. ಕೊನೆಗೆ ಒಬ್ಬ ಡಾಕ್ಟರ್ ಕೇಳಿದರು, "ಏನ್ ಕೆಲಸ ಮಾಡ್ತೀರಿ?" ಹಳೇ ಕಾಗದದ ಧೂಳು, ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಹುಳ ಹಿಡಿಯಬಾರದು ಅಂತ ಯಾವ ಕಾಲದಲ್ಲೋ ಉದುರಿಸಿದ ಗ್ಯಾಮಕ್ಸಿನ್ ಪುಡಿ. ಅದರೊಳಗಿನ ಬಿಎಚ್‌ಸಿ ವಿಷವನ್ನು ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದರು. ಡಬ್ಬಿ ಖಾಲಿಯಾದರೂ ಪುಡಿ ರುಮಾಲಿನ ಮಡಿಕೆಯಲ್ಲಿ ಹಾಗೇ ಇತ್ತು.

ಇಂಥದ್ದಕ್ಕೆ ಮಾಸ್ಕ್ ಕೊಟ್ಟು ಕೈ ತೊಳೆದುಕೊಳ್ಳಬಾರದು. ಮಾಸ್ಕ್ ಕೊನೆಯ ಉಪಾಯ. ಮೊದಲು ಒಣ ಕಸಬರಿಗೆ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ನೆಲ, ರ‍್ಯಾಕು ಒರೆಸಿ. ಕಿಟಕಿಗೆ ಹೊರಗೆಳೆಯುವ ಫ್ಯಾನ್ ಹಾಕಿಸಿ. ದಿನಾ ಬೇಕಾಗುವ ರುಮಾಲು ಎದೆಯ ಎತ್ತರಕ್ಕೆ ತನ್ನಿ, ಆಗ ಏಣಿ ಹತ್ತುವುದೇ ಕಡಿಮೆ. ಒಂದು ಒಳ್ಳೆಯ ಅಲ್ಯೂಮಿನಿಯಂ ಏಣಿಗೆ ದೊಡ್ಡ ಬಜೆಟ್ ಬೇಡ, ಕಚೇರಿಯ ಸಾದಿಲ್ವಾರು (ಸಣ್ಣಪುಟ್ಟ) ಖರ್ಚಿನಲ್ಲೇ ಬರುತ್ತದೆ.

ಕೆಲವು ಅಧಿಕಾರಿಗಳು ಹೇಳುತ್ತಾರೆ, ವಹಿ ಇಟ್ಟರೂ ಯಾರೂ ಬರೆಯುವುದಿಲ್ಲ ಅಂತ. ಅದು ನಿಜ. ಬರೆದವರಿಗೆ ಮರುದಿನ ಕಾರಣ ಕೇಳಿ ನೋಟಿಸ್ ಬಂದರೆ ಯಾರು ತಾನೇ ಬರೆಯುತ್ತಾರೆ? ಕಾಕಾನೇ ಆಗ ಹೇಳಿದ್ದರು, "ಸುಮ್ನ ಬಿಡ್ರಿ ಅಕ್ಕಾರ, ಏಣಿ ಸರಿ ಹಿಡದಿಲ್ಲ ಅಂತ ನನಗs ಕೇಳ್ತಾರ." ಅದಕ್ಕೇ ಆ ವಹಿಯಲ್ಲಿ ತಪ್ಪು ಯಾರದು ಅನ್ನುವ ಕಾಲಂ ಬೇಡ. ಎಲ್ಲಿ, ಹೇಗೆ, ಏನು ಸರಿಮಾಡಿದಿರಿ, ಎಷ್ಟನೇ ತಾರೀಖಿಗೆ. ಪ್ರತಿ ಸೋಮವಾರ ಸಾಹೇಬರೇ ನೋಡಿ ಸಹಿ ಮಾಡಬೇಕು. ಮಾರ್ಚ್ 4ರ ಸುರಕ್ಷತಾ ದಿನ ಒಂದು ದಿನದ್ದು, ಈ ಸಹಿ ವರ್ಷವಿಡೀ.

ಕಳೆದ ತಿಂಗಳು ಪೆನ್ಶನ್ ಕಾಗದಕ್ಕೆ ಅಲ್ಲಿಗೆ ಹೋಗಿದ್ದೆ. ಕಾಕಾ ನಿವೃತ್ತರಾಗಿದ್ದಾರೆ. ಏಣಿ ಅಲ್ಲೇ ಇದೆ. ಈಗ ವೈರ್ ಎರಡು ಮೆಟ್ಟಿಲಿಗಿದೆ. ಹಳೇ ಕಾಗದ ಸ್ಕ್ಯಾನ್ ಮಾಡಲು ಏಜೆನ್ಸಿಯಿಂದ ಬಂದ ಒಬ್ಬ ಹುಡುಗಿ, ಮೂಗಿಗೆ ವೇಲ್ ಕಟ್ಟಿಕೊಂಡು ಅದೇ ಧೂಳಿನಲ್ಲಿ ಕೂತಿದ್ದಳು. ನಿನಗೆ ಕಾನೂನಿದೆ ತಂಗಿ ಅಂದೆ. "ಯಾರಿಗ್ ಹೇಳ್ಬೇಕ್ರೀ ಆಂಟಿ?" ಅಂದಳು.

ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಪುಟದ ಅರ್ಜಿ ಬರೆದೆ. ಏಣಿ, ಧೂಳು, ಫ್ಯಾನ್, ಪೆಟ್ಟಿನ ವಹಿ. ಕಾಕಾ ಬಿದ್ದದ್ದನ್ನೂ ಬರೆದೆ. ಆವಕ ನಂಬರ್ ಹಾಕಿಸಿಕೊಂಡೇ ಹೊರಗೆ ಬಂದೆ. ಬರುವ ಸೋಮವಾರ ಮತ್ತೆ ಹೋಗುತ್ತೇನೆ.