ಕಡಲಿನ ಕೀರ್ತಿ

ಕೇಳುಗರಿಗೆ ನಮಸ್ಕಾರ. ಸಮುದ್ರದ ಬಸವನಹುಳು ಎಂದ ಕೂಡಲೇ ನನ್ನನ್ನು ಎಲ್ಲರೂ ಕೇಳುವುದು ಒಂದೇ: ‘ಆ ಚಿಪ್ಪಿಗೆ ಬೆಲೆ ಎಷ್ಟು?’ ಬೆಲೆಯ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಹುಳುವಿನ ಹೆಸರು ಕೋನಸ್ ಗ್ಲೋರಿಯಾಮಾರಿಸ್. ಲ್ಯಾಟಿನ್‌ನಲ್ಲಿ ‘ಕಡಲಿನ ಕೀರ್ತಿ’ ಎಂದರ್ಥ. ಕಡಲೆಕಾಯಿಗೆ ಕಾಗದ ಸುತ್ತಿ ಪೊಟ್ಟಣ ಮಾಡುತ್ತಾರಲ್ಲ, ಅದೇ ಆಕಾರ. ಗೇಣುದ್ದವೂ ಇಲ್ಲ. ಮೈತುಂಬ ಪುಟ್ಟ ಬಿಳಿ ತ್ರಿಕೋನಗಳು, ಒಂದೊಂದಕ್ಕೂ ಸೂಜಿಮೊನೆಯಲ್ಲಿ ಎಳೆದಂಥ ಕಂದು ಅಂಚು. 1777ರಲ್ಲಿ ಕೆಮ್ನಿಟ್ಸ್ ಎಂಬ ವಿದ್ವಾಂಸ ಇದಕ್ಕೆ ಹೆಸರಿಟ್ಟ. ಆಮೇಲೆ ಸುಮಾರು ಇನ್ನೂರು ವರ್ಷ ಜಗತ್ತಿಗೆ ಸಿಕ್ಕಿದ್ದು ಕೆಲವೇ ಚಿಪ್ಪುಗಳು. ಶ್ರೀಮಂತರು ಹುಚ್ಚೆದ್ದರು. ಅಪರೂಪದ ಹುಳು ಎಂದರು. ಅಪರೂಪವಲ್ಲ ಸ್ವಾಮಿ, ಅದರ ಮನೆ ಎಲ್ಲಿ ಎಂದು ನಮಗೆ ಗೊತ್ತಿರಲಿಲ್ಲ, ಅಷ್ಟೇ!

ಹ್ಯೂ ಕಮಿಂಗ್ ಎಂಬ ಇಂಗ್ಲಿಷಿನವನೊಬ್ಬನಿದ್ದ. ಹಾಯಿಪಟ ಹೊಲಿಯುವ ಕಸುಬು ಕಲಿತವನು, ಚಿಪ್ಪಿನ ಆಸೆಗೆ ದೇಶಾಂತರ ಹೊರಟ. 1830ರ ದಶಕದಲ್ಲಿ ಫಿಲಿಪ್ಪೀನ್ಸ್‌ನ ಬೊಹೋಲ್ ದ್ವೀಪಕ್ಕೆ ಬಂದ. ಅಲ್ಲಿಯ ಹವಳದ ದಿಬ್ಬದ ಮೇಲೆ ಓಡಾಡುತ್ತ ಒಂದು ಸಣ್ಣ ಕಲ್ಲು ಮಗುಚಿದನಂತೆ. ಕೆಳಗೆ ಕಡಲಿನ ಕೀರ್ತಿ! ಸಂತೋಷಕ್ಕೆ ಮೂರ್ಛೆ ಬಂದಂತಾಯಿತು ಎನ್ನುತ್ತಾರೆ. ಆ ದಿಬ್ಬ ಮುಂದೆ ಭೂಕಂಪದಲ್ಲಿ ಮುಳುಗಿಹೋಯಿತೆಂಬ ಸುದ್ದಿ ಹಬ್ಬಿತು. ಹುಳುವಿನ ವಂಶವೇ ಅಳಿಯಿತೆಂದು ಸಂಗ್ರಾಹಕರು ಅತ್ತರು. ಬೆಲೆ ಮಾತ್ರ ಏರಿತು. ಇನ್ನೊಬ್ಬ ಮಹಾಶಯ ಹರಾಜಿನಲ್ಲಿ ಎರಡನೆಯ ಚಿಪ್ಪು ಕೊಂಡು, ಅಲ್ಲೇ ಕಾಲಿನಿಂದ ತುಳಿದು ಪುಡಿಮಾಡಿದನೆಂಬ ದಂತಕಥೆಯೂ ಇದೆ. ಮನೆಯಲ್ಲಿರುವ ತನ್ನದೊಂದೇ ಉಳಿಯಲಿ ಎಂದು!

ಆಮೇಲೇನಾಯಿತು? 1969ರಲ್ಲಿ ಮುಳುಗುಗಾರರು ಸಾಲೊಮನ್ ದ್ವೀಪಗಳ ಗ್ವಾಡಲ್‌ಕನಾಲ್‌ನ ಉತ್ತರಕ್ಕೆ ಅದರ ನೆಲೆ ಕಂಡುಹಿಡಿದರು. ಚಿಪ್ಪುಗಳು ಒಂದಾದ ಮೇಲೊಂದು ಮೇಲೆ ಬಂದವು, ಬೆಲೆ ಕುಸಿಯಿತು. ನಾನು ಹೇಳಲಿಲ್ಲವೇ, ಅದರ ಮನೆ ಗೊತ್ತಿರಲಿಲ್ಲ, ಅಷ್ಟೇ.

ಚಿತ್ತಾರ ಹೇಗೆ ಮೂಡುತ್ತದೆ ಎಂದು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಕಮಿಂಗ್ ಸಮಯ ತಿಂದುಬಿಟ್ಟ. ಮಗ್ಗದಲ್ಲಿ ಸೀರೆ ಬೆಳೆದಂತೆ ಚಿಪ್ಪು ಅಂಚಿನಲ್ಲಿ ಎಳೆ ಎಳೆಯಾಗಿ ಬೆಳೆಯುತ್ತದೆ, ಬಣ್ಣವೂ ಅಲ್ಲೇ ಬೀಳುತ್ತದೆ. ಇನ್ನೊಂದು ಮಾತು: ಈ ಕುಲದ ಹುಳುಗಳಿಗೆ ಈಟಿಯಂಥ ವಿಷದ ಹಲ್ಲಿದೆ, ಕೆಲವು ಮನುಷ್ಯರನ್ನೇ ಕೊಂದಿವೆ. ಇದರ ನೆಂಟರು ನಮ್ಮ ದೇಶದ ಕಡಲಿನಲ್ಲೂ ಇದ್ದಾರೆ. ಪೊಟ್ಟಣದಾಕಾರದ ಚಿಪ್ಪಿನೊಳಗೆ ಜೀವ ಅಲುಗಾಡಿದರೆ ದಯವಿಟ್ಟು ಕೈಗೆತ್ತಿಕೊಳ್ಳಬೇಡಿ, ಮಕ್ಕಳಿಗೂ ಹೇಳಿ. ನಮಸ್ಕಾರ.