ಅರವತ್ತಕ್ಕೆ ಅರವತ್ತು: ಮಾರಿಷಸ್ಸಿನ ಮತದಾರರು ಮತ್ತು ಪ್ರಧಾನಿಗಳು

ಕೇಳುಗರಿಗೆ ನಮಸ್ಕಾರ.

2024ರ ನವೆಂಬರ್ 10ರ ಭಾನುವಾರ, ಹಿಂದೂ ಮಹಾಸಾಗರದ ಪುಟ್ಟ ದ್ವೀಪರಾಷ್ಟ್ರವಾದ ಮಾರಿಷಸ್ಸಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಮರುದಿನ ಎಣಿಕೆ ಮುಗಿಯುವ ಮೊದಲೇ, ಆಗಿನ ಪ್ರಧಾನಿ ಪ್ರವಿಂದ್ ಜಗನ್ನಾಥ್ ಅವರು ತಮ್ಮ ಮೈತ್ರಿಕೂಟ ಭಾರೀ ಸೋಲಿನತ್ತ ಸಾಗಿದೆಯೆಂದು ಒಪ್ಪಿಕೊಂಡರು. ಅಂತಿಮ ಫಲಿತಾಂಶ ಹೊರಬಿದ್ದಾಗ ಮುಖ್ಯ ದ್ವೀಪದ ಅರವತ್ತು ಸ್ಥಾನಗಳಲ್ಲಿ ಒಂದೂ ಅವರ ಕೂಟಕ್ಕೆ ಉಳಿದಿರಲಿಲ್ಲ. ಸ್ವತಃ ಪ್ರಧಾನಿಯೇ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು. ನವೆಂಬರ್ 13ರಂದು ನವೀನಚಂದ್ರ ರಾಮಗುಲಾಮ್ ಅವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಆ ದೇಶದಲ್ಲಿ ಎದುರಾಳಿಗೆ ಒಂದು ಸ್ಥಾನವನ್ನೂ ಬಿಡದ ಗೆಲುವು ಇದು ಮೊದಲನೆಯದಲ್ಲ. 1982ರಲ್ಲಿ ಹೀಗಾಗಿತ್ತು, 1995ರಲ್ಲಿಯೂ ಹೀಗಾಗಿತ್ತು.

ಹನ್ನೆರಡೂವರೆ ಲಕ್ಷದಷ್ಟು ಜನಸಂಖ್ಯೆಯ ದೇಶದಲ್ಲಿ, ಅದರಲ್ಲೂ ಹಿಂದೂಗಳು, ಮುಸ್ಲಿಮರು, ಆಫ್ರಿಕಾ ಮೂಲದ ಕ್ರಿಯೋಲರು, ಚೀನೀಯರು, ಫ್ರೆಂಚ್ ಮೂಲದವರು ಒಟ್ಟಿಗೆ ಬಾಳುವ ದೇಶದಲ್ಲಿ, ಇಂಥ ಏಕಪಕ್ಷೀಯ ಫಲಿತಾಂಶ ಬರುವುದು ಹೇಗೆ? ಅದಕ್ಕೆ ಉತ್ತರ ಜನರ ಸಿಟ್ಟಿನಲ್ಲಿ ಅರ್ಧ ಇದೆ; ಉಳಿದರ್ಧ ಮತಪತ್ರದಲ್ಲಿದೆ.

ಆ ಮತಪತ್ರವನ್ನೇ ಮೊದಲು ನೋಡೋಣ. ಮತಗಟ್ಟೆಯೆಂದರೆ ಸಾಮಾನ್ಯವಾಗಿ ಊರಿನ ಶಾಲೆ. ಮತಯಂತ್ರವಿಲ್ಲ, ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಮುದ್ರಿಸಿದ ಕಾಗದವನ್ನು ಕೈಗೆ ಕೊಡುತ್ತಾರೆ. ಲೇಬರ್ ಪಕ್ಷಕ್ಕೆ ಕೀಲಿಕೈ, ಎಂಎಂಎಂ ಎಂದೇ ಕರೆಯಲ್ಪಡುವ ಮಾರಿಷಸ್ ಹೋರಾಟಗಾರರ ಆಂದೋಲನ ಎಂಬ ಪಕ್ಷಕ್ಕೆ ಹೃದಯ, ಜಗನ್ನಾಥ್ ಕುಟುಂಬದ ಎಂಎಸ್‌ಎಂ ಪಕ್ಷಕ್ಕೆ ಸೂರ್ಯ, ಪಿಎಂಎಸ್‌ಡಿಗೆ ಹುಂಜ. ಮುಖ್ಯ ದ್ವೀಪದ ಇಪ್ಪತ್ತು ಕ್ಷೇತ್ರಗಳಲ್ಲಿ ಪ್ರತಿಯೊಂದೂ ಮೂವರು ಸದಸ್ಯರನ್ನು ಆರಿಸಿ ಕಳುಹಿಸುತ್ತದೆ; ದೂರದ ರೊಡ್ರಿಗ್ಸ್ ದ್ವೀಪ ಇಬ್ಬರನ್ನು. ಹೀಗೆ ಚುನಾಯಿತರು 62 ಮಂದಿ. ಮುಖ್ಯ ದ್ವೀಪದ ಮತದಾರ ಸರಿಯಾಗಿ ಮೂರು ಗುರುತು ಹಾಕಲೇಬೇಕು. ಎರಡು ಹಾಕಿದರೂ ಮತ ಕುಲಗೆಟ್ಟಿತು, ನಾಲ್ಕು ಹಾಕಿದರೂ ಅಷ್ಟೇ.

ಈ ನಿಯಮದ ಪರಿಣಾಮ ದೊಡ್ಡದು. ಪ್ರತಿ ಮೈತ್ರಿಕೂಟವೂ ಒಂದೊಂದು ಕ್ಷೇತ್ರಕ್ಕೆ ಮೂವರನ್ನು ನಿಲ್ಲಿಸುತ್ತದೆ, ಮತ್ತು ಬಹುಪಾಲು ಮತದಾರರು ತಮ್ಮ ಕೂಟದ ಮೂವರಿಗೂ ಒಟ್ಟಿಗೆ ಗುರುತು ಹಾಕುತ್ತಾರೆ. ಆದ್ದರಿಂದ ಒಂದು ಕೂಟ ಕ್ಷೇತ್ರದಲ್ಲಿ ಸ್ವಲ್ಪ ಮುಂದಿದ್ದರೂ ಸಾಕು, ಮೂರು ಸ್ಥಾನಗಳೂ ಅದರ ಪಾಲಾಗುತ್ತವೆ. ಆ ಮುನ್ನಡೆ ದ್ವೀಪದ ತುಂಬ ಒಂದೇ ತೆರನಾಗಿದ್ದರೆ ಎದುರಾಳಿ ಅಳಿಸಿಹೋಗುತ್ತಾನೆ. 2024ರಲ್ಲಿ ಸೋತ ಕೂಟಕ್ಕೆ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಮತಗಳು ಬಿದ್ದಿದ್ದವು. 1982ರಲ್ಲಿ ಸೋತ ಲೇಬರ್ ಕೂಟಕ್ಕೂ ಸುಮಾರು ಕಾಲುಭಾಗ ಮತ ಬಂದಿತ್ತು. ನಾಲ್ವರಲ್ಲಿ ಒಬ್ಬ ಮತದಾರನ ಮಾತಿಗೆ ಗೆದ್ದ ಸದಸ್ಯನೊಬ್ಬನೂ ಇಲ್ಲದೆ ಹೋಗುವುದು ನನ್ನ ದೃಷ್ಟಿಯಲ್ಲಿ ಗಂಭೀರವಾದ ಕೊರತೆ. ಆದರೂ ಈ ಪದ್ಧತಿಗೆ ಒಂದು ಗುಣವಿದೆ ಎಂಬುದನ್ನು ಮರೆಯಬಾರದು: ಮೂವರನ್ನು ನಿಲ್ಲಿಸಬೇಕಾದ ಪಕ್ಷ ಬೇರೆ ಬೇರೆ ಸಮುದಾಯಗಳಿಂದ ಅಭ್ಯರ್ಥಿಗಳನ್ನು ಆರಿಸಬಲ್ಲದು, ಮತದಾರನ ಮೂರನೆಯ ಗುರುತು ಅನೇಕ ಸಲ ಪರಸಮುದಾಯದವನಿಗೆ ಬೀಳುತ್ತದೆ.

ಸಣ್ಣ ಸಮುದಾಯಗಳು ಸಭೆಯಿಂದ ಹೊರಗುಳಿಯಬಾರದೆಂದು ಇನ್ನೊಂದು ಏರ್ಪಾಡನ್ನೂ ಮಾಡಲಾಯಿತು. ಅದಕ್ಕೆ 'ಬೆಸ್ಟ್ ಲೂಸರ್' ಪದ್ಧತಿಯೆಂದು ಹೆಸರು. ಸೋತವರಲ್ಲೇ ಉತ್ತಮ ಮತ ಪಡೆದ ಎಂಟು ಮಂದಿಯವರೆಗೆ, ಸಮುದಾಯಗಳ ಪ್ರಾತಿನಿಧ್ಯ ಮತ್ತು ಪಕ್ಷಗಳ ಬಲಾಬಲ ಎರಡನ್ನೂ ಲೆಕ್ಕಹಾಕಿ, ಸಭೆಗೆ ಸೇರಿಸಿಕೊಳ್ಳುತ್ತಾರೆ. ಇದಕ್ಕಾಗಿ ಅಭ್ಯರ್ಥಿ ತಾನು ಹಿಂದೂ, ಮುಸ್ಲಿಂ, ಚೀನೀ ಅಥವಾ ಉಳಿದವರೆಲ್ಲ ಸೇರುವ ಸಾಮಾನ್ಯ ಜನವರ್ಗ ಎಂಬ ನಾಲ್ಕರಲ್ಲಿ ಯಾವುದಕ್ಕೆ ಸೇರಿದವನೆಂದು ನಾಮಪತ್ರದಲ್ಲಿ ಘೋಷಿಸಬೇಕು. ಸಮುದಾಯವಾರು ಜನಗಣತಿ ಕಡೆಯ ಬಾರಿ ನಡೆದದ್ದು 1972ರಲ್ಲಿ. ಲೆಕ್ಕ ಇಂದಿಗೂ ಅದೇ ಅಂಕಿಗಳ ಮೇಲೆ ನಿಂತಿದೆ. ಇಂಥ ಹಳೆಯ ಗಣತಿಯ ಆಧಾರದ ಮೇಲೆ ಸಮುದಾಯ ಘೋಷಿಸುವಂತೆ ಒತ್ತಾಯಿಸುವುದು ನಾಗರಿಕ ಹಕ್ಕಿನ ಉಲ್ಲಂಘನೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಅಭಿಪ್ರಾಯಪಟ್ಟಿತು. 2014ರ ಚುನಾವಣೆಗೆ ಮಾತ್ರ ಅನ್ವಯಿಸುವಂತೆ ವಿನಾಯಿತಿ ಕೊಟ್ಟು ಸರ್ಕಾರ ಸುಮ್ಮನಾಯಿತು.

ಇಷ್ಟೊಂದು ಎಚ್ಚರಿಕೆಯ ಲೆಕ್ಕಾಚಾರ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1834ರಿಂದ ಮುಂದಕ್ಕೆ ಬಿಹಾರದಿಂದ, ತಮಿಳು ಮತ್ತು ತೆಲುಗು ನಾಡುಗಳಿಂದ, ಮಹಾರಾಷ್ಟ್ರದಿಂದ ಲಕ್ಷಗಟ್ಟಲೆ ಕೂಲಿಗಳು ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ತೋಟಗಳಿಗೆ ಬಂದಿಳಿದರು. ಅವರು ಹತ್ತಿಳಿದ ಕಲ್ಲಿನ ಮೆಟ್ಟಿಲುಗಳು ಪೋರ್ಟ್ ಲೂಯಿ ಬಂದರಿನ ಅಪ್ರವಾಸಿ ಘಾಟ್‌ನಲ್ಲಿ ಈಗಲೂ ಇವೆ. ಅವರ ಮಕ್ಕಳು ಮೊಮ್ಮಕ್ಕಳಿಗೂ ಬಹುಕಾಲ ಮತದ ಹಕ್ಕಿರಲಿಲ್ಲ. ಆಸ್ತಿಯಿದ್ದವರಿಗಷ್ಟೇ ಅದು ಮೀಸಲಾಗಿತ್ತು. 1947ರ ಸಂವಿಧಾನ, ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೊಂದು ಭಾಷೆಯಲ್ಲಿ ಸರಳವಾಗಿ ಓದಿ ಬರೆಯಬಲ್ಲವರಿಗೆ ಮತ ಕೊಟ್ಟಿತು. ಆಗ ನಡೆದದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಘಟನೆ. ಹಳ್ಳಿಹಳ್ಳಿಯ ಬೈಠಕ್‌ಗಳಲ್ಲಿ, ಎಂದರೆ ಸಂಜೆ ಸೇರುವ ಪಾಠದ ಮನೆಗಳಲ್ಲಿ, ದಿನವಿಡೀ ಕಬ್ಬು ಕಡಿದು ಬಂದ ಹೆಂಗಸರು ಗಂಡಸರು ಹಿಂದಿಯಲ್ಲೋ ತಮಿಳಿನಲ್ಲೋ ತಮ್ಮ ಹೆಸರು ಬರೆಯಲು ಕಲಿತರು. ಬಾಸುದೇವ ವಿಷ್ಣುದಯಾಳ್ ಅವರ ಚಳವಳಿ ಈ ಅಕ್ಷರಾಭ್ಯಾಸವನ್ನು ಊರೂರಿಗೆ ಹಬ್ಬಿಸಿತು. ಅದಕ್ಕೆ ಮೊದಲು ಹನ್ನೆರಡು ಸಾವಿರದಷ್ಟಿದ್ದ ಮತದಾರರ ಸಂಖ್ಯೆ 1948ರ ಚುನಾವಣೆಯ ಹೊತ್ತಿಗೆ ಎಪ್ಪತ್ತು ಸಾವಿರ ದಾಟಿತು. ಹೆಬ್ಬೆಟ್ಟೊತ್ತಿ ಬಂದವರ ಮೊಮ್ಮಕ್ಕಳು ಸಹಿ ಹಾಕಿ ಮತದಾರರಾದರು. ವಯಸ್ಕರೆಲ್ಲರಿಗೂ ಮತ ಬಂದದ್ದು 1959ರ ಚುನಾವಣೆಯಲ್ಲಿ.

ಆದರೆ ಬಹುಸಂಖ್ಯಾತರ ಈ ಏಳಿಗೆ ಉಳಿದವರಲ್ಲಿ ಭಯವನ್ನೂ ಹುಟ್ಟಿಸಿತು. 1967ರ ಆಗಸ್ಟ್ 7ರ ಚುನಾವಣೆ ಹೆಚ್ಚುಕಡಿಮೆ ಸ್ವಾತಂತ್ರ್ಯ ಬೇಕೇ ಬೇಡವೇ ಎಂಬ ಜನಮತವೇ ಆಗಿತ್ತು. ವೈದ್ಯರಾಗಿದ್ದ ಲೇಬರ್ ನಾಯಕ ಶಿವಸಾಗರ ರಾಮಗುಲಾಮ್ ಸ್ವಾತಂತ್ರ್ಯದ ಪರ, ಗೇತಾನ್ ದ್ಯುವಾಲ್ ಅವರ ಪಿಎಂಎಸ್‌ಡಿ ವಿರುದ್ಧ. ನೂರಕ್ಕೆ 44ರಷ್ಟು ಮತದಾರರು ಸ್ವಾತಂತ್ರ್ಯ ಬೇಡವೆಂದರು. ಇಷ್ಟು ಜನರ ಅಸಮ್ಮತಿಯನ್ನು ಹೊತ್ತುಕೊಂಡೇ 1968ರ ಮಾರ್ಚ್ 12ರಂದು, ಗಾಂಧೀಜಿಯವರ ದಂಡಿಯಾತ್ರೆ ಆರಂಭವಾದ ದಿನವನ್ನು ಆರಿಸಿಕೊಂಡು, ದೇಶ ಸ್ವತಂತ್ರವಾಯಿತು. ಶಿವಸಾಗರ ರಾಮಗುಲಾಮ್ ಮೊದಲ ಪ್ರಧಾನಿಯಾದರು. 1969ರಲ್ಲಿ ಅವರು ದ್ಯುವಾಲ್ ಅವರನ್ನೇ ಸರ್ಕಾರಕ್ಕೆ ಸೇರಿಸಿಕೊಂಡದ್ದು ವಿವೇಕದ ನಡೆ. ಆದರೆ ಅದೇ ಸರ್ಕಾರ 1972ಕ್ಕೆ ನಡೆಯಬೇಕಿದ್ದ ಚುನಾವಣೆಯನ್ನು ಮುಂದೂಡಿತು, ತುರ್ತುಪರಿಸ್ಥಿತಿ ಹೇರಿತು, ಹೊಸದಾಗಿ ತಲೆಯೆತ್ತಿದ್ದ ಎಂಎಂಎಂ ನಾಯಕರನ್ನು ಸೆರೆಗೆ ಹಾಕಿತು. ರಾಷ್ಟ್ರಪಿತರೆಂಬ ಗೌರವ ಅವರಿಗೆ ಸಲ್ಲಬೇಕಾದದ್ದೇ, ಆದರೂ ಆ ವರ್ಷಗಳನ್ನು ಮರೆಮಾಚಿ ಅವರ ಕಥೆ ಹೇಳಬಾರದು.

ಮತ್ತೆ ಚುನಾವಣೆ ಬಂದದ್ದು 1976ರ ಡಿಸೆಂಬರ್‌ನಲ್ಲಿ. 1975ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಮತದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿತ್ತು. ಹೊಸ ಮತದಾರರ ಬಲದಿಂದ ಎಂಎಂಎಂ 34 ಸ್ಥಾನ ಗಳಿಸಿ ಅತಿದೊಡ್ಡ ಪಕ್ಷವಾಯಿತು. ಆದರೆ 28 ಸ್ಥಾನದ ಲೇಬರ್ ಕೂಟ ಮತ್ತು 8 ಸ್ಥಾನದ ಪಿಎಂಎಸ್‌ಡಿ ಕೈಜೋಡಿಸಿದ್ದರಿಂದ ರಾಮಗುಲಾಮ್ ಪ್ರಧಾನಿಯಾಗಿ ಉಳಿದರು. ಚುನಾವಣೆಯ ಹೊಸ್ತಿಲಲ್ಲಿ ಅವರು ಮಾತು ಕೊಟ್ಟಂತೆ 1977ರಿಂದ ಪ್ರೌಢಶಿಕ್ಷಣ ಉಚಿತವಾಯಿತು. ಆ ಒಂದು ತೀರ್ಮಾನ ಮುಂದಿನ ಪೀಳಿಗೆಯನ್ನೇ ಬದಲಿಸಿತೆನ್ನಬೇಕು.

1982ರ ಜೂನ್‌ನಲ್ಲಿ ಮೊದಲ ಮಹಾಸೋಲು ಬಂತು. ಎಂಎಂಎಂ ಮತ್ತು ಅದರ ಮಿತ್ರಪಕ್ಷ ಅರವತ್ತೂ ಸ್ಥಾನಗಳನ್ನು ಗೆದ್ದವು. ಹದಿನಾಲ್ಕು ವರ್ಷ ಪ್ರಧಾನಿಯಾಗಿದ್ದ ರಾಮಗುಲಾಮ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. ಸೋತ ಲೇಬರ್ ಕೂಟಕ್ಕೂ ಪಿಎಂಎಸ್‌ಡಿಗೂ ಸಭೆಯೊಳಗೆ ಇಬ್ಬಿಬ್ಬರು ಸಿಕ್ಕಿದ್ದು ಬೆಸ್ಟ್ ಲೂಸರ್ ಸ್ಥಾನಗಳಿಂದ ಮಾತ್ರ, ಆ ನಾಲ್ವರಲ್ಲೊಬ್ಬರಾದ ದ್ಯುವಾಲ್ ವಿರೋಧಪಕ್ಷದ ನಾಯಕರಾದರು. ಪ್ರವಿಂದ್ ಅವರ ತಂದೆ, ವಕೀಲ ಅನಿರುದ್ಧ ಜಗನ್ನಾಥ್ ಹೊಸ ಪ್ರಧಾನಿ, ಎಂಎಂಎಂ ಸ್ಥಾಪಕರಲ್ಲೊಬ್ಬರಾದ ಪಾಲ್ ಬೆರಾಂಜೆ ಹಣಕಾಸು ಮಂತ್ರಿ. ವರ್ಷ ತುಂಬುವುದರೊಳಗೆ ಇಬ್ಬರಿಗೂ ಒಡಕಾಯಿತು. ಜಗನ್ನಾಥ್ ಎಂಎಸ್‌ಎಂ ಪಕ್ಷ ಕಟ್ಟಿ, ತಾವು ಸೋಲಿಸಿದ್ದ ಲೇಬರ್ ಪಕ್ಷದ ಜೊತೆಯಲ್ಲೇ 1983ರ ಆಗಸ್ಟ್‌ನಲ್ಲಿ ಮತ್ತೆ ಗೆದ್ದರು. ಅರವತ್ತಕ್ಕೆ ಅರವತ್ತು ಗೆದ್ದ ಸರ್ಕಾರವೂ ಒಳಗಿನಿಂದಲೇ ಬಿರಿಯಬಲ್ಲದು ಎಂಬುದನ್ನು ಆ ದೇಶ ಅಂದೇ ಕಂಡಿತು. ಸೋತ ರಾಮಗುಲಾಮ್ ಅವರನ್ನು ಅದೇ ವರ್ಷದ ಕೊನೆಯಲ್ಲಿ ಗವರ್ನರ್ ಜನರಲ್ ಹುದ್ದೆಗೆ ನೇಮಿಸಲಾಯಿತು; 1985ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸ್ಥಾನದಲ್ಲಿದ್ದರು. ಸೋಲಿಸಿದವರು ಸೋತವರನ್ನು ಹೀಗೆ ನಡೆಸಿಕೊಂಡದ್ದು ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಅಪರೂಪ.

1992ರಲ್ಲಿ ದೇಶ ಗಣರಾಜ್ಯವಾಯಿತು. 1995ರ ಡಿಸೆಂಬರ್‌ನಲ್ಲಿ ಜಗನ್ನಾಥರ ಸರದಿ: ಅವರೂ ಶೂನ್ಯಕ್ಕೆ ಇಳಿದರು, ಅವರೂ ತಮ್ಮ ಕ್ಷೇತ್ರ ಕಳೆದುಕೊಂಡರು, ಗೆದ್ದವರು ಹಿರಿಯ ರಾಮಗುಲಾಮರ ಮಗ ನವೀನಚಂದ್ರ. ಐದು ವರ್ಷದ ನಂತರ, 2000ದ ಸೆಪ್ಟೆಂಬರ್‌ನಲ್ಲಿ, ಹಳೆಯ ಜಗಳ ಮರೆತ ಜಗನ್ನಾಥ್ ಮತ್ತು ಬೆರಾಂಜೆ ಜನರ ಮುಂದೆ ಒಂದು ಒಪ್ಪಂದ ಇಟ್ಟರು: ಮೊದಲ ಮೂರು ವರ್ಷ ಒಬ್ಬರು ಪ್ರಧಾನಿ, ಉಳಿದ ಎರಡು ವರ್ಷ ಇನ್ನೊಬ್ಬರು. ಅಧಿಕಾರ ಹಂಚಿಕೆಯ ಮಾತುಗಳು ಎಷ್ಟು ಬೇಗ ಮುರಿಯುತ್ತವೆಂದು ನಮಗೆ ಇಲ್ಲಿ ಚೆನ್ನಾಗಿ ಗೊತ್ತು. ಅಲ್ಲಿ ಅದು ನಡೆಯಿತು. 2003ರ ಸೆಪ್ಟೆಂಬರ್ 30ರಂದು ಜಗನ್ನಾಥ್ ಕುರ್ಚಿ ಬಿಟ್ಟುಕೊಟ್ಟರು. ಫ್ರೆಂಚ್ ಮೂಲದ ಬೆರಾಂಜೆ ಆ ದೇಶದ ಮೊದಲ ಹಿಂದೂಯೇತರ ಪ್ರಧಾನಿಯಾದರು. ಇಲ್ಲಿಯವರೆಗೆ ಅವರೊಬ್ಬರೇ. ಸ್ವಾತಂತ್ರ್ಯ ಬಂದಾಗಿನಿಂದ ಪ್ರಧಾನಿಗಳಾದವರು ಐವರು, ಆ ಐವರದು ಮೂರೇ ಮನೆತನ. ಪಕ್ಷಗಳು ಈ ಕಟ್ಟಳೆಯನ್ನು ಸಂಪ್ರದಾಯವೆಂದು ಸಮರ್ಥಿಸುತ್ತವೆ. ಸಾಮಾನ್ಯ ಕುಟುಂಬದ ಕ್ರಿಯೋಲ್ ಹುಡುಗಿಯೊಬ್ಬಳು ಆ ಹುದ್ದೆಯ ಕನಸು ಕಾಣಲಾಗದಿದ್ದರೆ ಅದನ್ನು ಸಂಪ್ರದಾಯವೆಂದು ಒಪ್ಪಲು ನನಗೆ ಮನಸ್ಸಿಲ್ಲ.

2014ರ ಕಥೆ ಪಕ್ಷದ ಲೆಕ್ಕಿಗರಿಗೆ ಪಾಠ. ನವೀನಚಂದ್ರ ಮತ್ತು ಬೆರಾಂಜೆ, ಎಂದರೆ ಎರಡು ದೊಡ್ಡ ಪಕ್ಷಗಳು, ಒಂದಾಗಿ ರಾಷ್ಟ್ರಪತಿಗೆ ಹೆಚ್ಚು ಅಧಿಕಾರ ಕೊಡುವ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು. ಇಬ್ಬರ ಮತಗಳನ್ನೂ ಕೂಡಿಸಿದರೆ ಗೆಲುವು ಖಚಿತವೆಂದು ತೋರುತ್ತಿತ್ತು. ಜನ ಕೂಡಿಸಲಿಲ್ಲ. ವೃದ್ಧಾಪ್ಯ ವೇತನವನ್ನು ಐದು ಸಾವಿರ ರೂಪಾಯಿಗೆ ಏರಿಸುವ ಭರವಸೆ ಕೊಟ್ಟ ಎಂಬತ್ತನಾಲ್ಕರ ಅನಿರುದ್ಧ ಜಗನ್ನಾಥರ ಕೂಟ 47 ಸ್ಥಾನ ಗೆದ್ದಿತು, ನವೀನಚಂದ್ರ ಸ್ವಂತ ಕ್ಷೇತ್ರದಲ್ಲೂ ಸೋತರು. 2017ರ ಜನವರಿಯಲ್ಲಿ ಹಿರಿಯರು ರಾಜೀನಾಮೆಯಿತ್ತು ಮಗ ಪ್ರವಿಂದ್ ಅವರನ್ನು ಪ್ರಧಾನಿಯಾಗಿಸಿದರು. ಸಭೆಯ ಬಹುಮತವಿದ್ದವರನ್ನು ನೇಮಿಸುವುದು ಸಂವಿಧಾನಬದ್ಧವೇ. ಆದರೂ ಮತಕ್ಕೆ ಹೋಗದೆ ತಂದೆಯಿಂದ ಮಗನಿಗೆ ಬಂದ ಹುದ್ದೆಯೆಂದು ವಿರೋಧಪಕ್ಷಗಳು ಪ್ರತಿಭಟಿಸಿದವು. 2019ರ ಚುನಾವಣೆಯಲ್ಲಿ ಅರ್ಧಕ್ಕಿಂತ ಬಹಳ ಕಡಿಮೆ ಮತ ಪಡೆದೂ ಪ್ರವಿಂದ್ ಅವರ ಕೂಟ ನಿಚ್ಚಳ ಬಹುಮತ ಗಳಿಸಿತು. ಅದೇ ಮೂರು ಗುರುತಿನ ಮತಪತ್ರ ಅಂದು ಅವರಿಗೆ ಕೊಟ್ಟದ್ದನ್ನು ಐದು ವರ್ಷದ ನಂತರ ಪೂರ್ತಿಯಾಗಿ ಕಿತ್ತುಕೊಂಡಿತು.

2024ರ ಪ್ರಚಾರದ ಹೊತ್ತಿಗೆ ರಾಜಕಾರಣಿಗಳ, ಪತ್ರಕರ್ತರ, ಅಧಿಕಾರಿಗಳ ದೂರವಾಣಿ ಮಾತುಕತೆಗಳ ಧ್ವನಿಮುದ್ರಣಗಳು ಜಾಲತಾಣಗಳಲ್ಲಿ ಒಂದರ ಮೇಲೊಂದು ಹರಿದಾಡತೊಡಗಿದವು. ಮತದಾನಕ್ಕೆ ಹತ್ತು ದಿನ ಇರುವಾಗ ಸರ್ಕಾರ ಸಾಮಾಜಿಕ ಮಾಧ್ಯಮಗಳನ್ನೇ ಮುಚ್ಚಲು ಆದೇಶಿಸಿ, ವಿರೋಧ ಭುಗಿಲೆದ್ದಾಗ ಒಂದೆರಡು ದಿನದಲ್ಲೇ ಹಿಂತೆಗೆದುಕೊಂಡಿತು. ತನ್ನ ಮಾತನ್ನು ಯಾರೋ ಕದ್ದು ಕೇಳುತ್ತಿದ್ದಾರೆಂಬ ಅನುಮಾನ, ಅದರ ಮೇಲೆ ಬಾಯಿ ಕಟ್ಟುವ ಯತ್ನ, ಇವುಗಳ ಜೊತೆಗೆ ಬೆಲೆಯೇರಿಕೆ. ಸೋಲಿಗೆ ಇಷ್ಟು ಸಾಕಿತ್ತು.

ಈಗ ಉಳಿದಿರುವುದು ಪದ್ಧತಿಯ ಪ್ರಶ್ನೆ. ದಕ್ಷಿಣ ಆಫ್ರಿಕದ ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಅವರ ನೇತೃತ್ವದ ಆಯೋಗ 2002ರಲ್ಲೇ, 62 ಸ್ಥಾನಗಳ ಜೊತೆಗೆ ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಇನ್ನೂ 30 ಸ್ಥಾನಗಳನ್ನು ಸೇರಿಸಬೇಕೆಂದು ಸಲಹೆ ಮಾಡಿತು. ಇಪ್ಪತ್ತು ವರ್ಷಗಳಲ್ಲಿ ಬಂದ ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ; ಇಂಥ ತಿದ್ದುಪಡಿಗೆ ಸಭೆಯ ನಾಲ್ಕರಲ್ಲಿ ಮೂರು ಭಾಗದ ಬೆಂಬಲ ಬೇಕೆಂಬುದು ಒಂದು ಕಾರಣ, ಹಳೆಯ ಪದ್ಧತಿಯಿಂದ ಗೆದ್ದವರಿಗೆ ಅದನ್ನು ಬದಲಿಸುವ ಉತ್ಸಾಹವಿಲ್ಲದಿರುವುದು ಇನ್ನೊಂದು. 2024ರ ಗೆಲುವು ಮೊದಲನೆಯ ಕಾರಣವನ್ನು ಇಲ್ಲವಾಗಿಸಿದೆ, ಏಕೆಂದರೆ ಬೇಕಾದ ಸಂಖ್ಯಾಬಲ ಪ್ರಧಾನಿಯವರ ಬಳಿ ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ಇದೆ. 1982ರಲ್ಲಿ ತಂದೆ ಸೋತಾಗ ಆ ಪಕ್ಷಕ್ಕೆ ಬಿದ್ದ ಕಾಲುಭಾಗ ಮತಗಳಿಗೆ ಏನಾಯಿತೆಂಬುದನ್ನು ನವೀನಚಂದ್ರ ರಾಮಗುಲಾಮ್ ಅವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಸಮುದಾಯದ ಘೋಷಣೆಯಿಲ್ಲದೆಯೂ ಸಣ್ಣವರಿಗೆ ಸಭೆಯಲ್ಲಿ ಜಾಗ ಸಿಗುವಂತೆ, ಸೋತ ಪಕ್ಷದ ಮತದಾರನಿಗೂ ಪ್ರತಿನಿಧಿಯೊಬ್ಬ ಇರುವಂತೆ ಆ ತಿದ್ದುಪಡಿಯನ್ನು ಮುಂದಿನ ಚುನಾವಣೆಗೆ ಮೊದಲೇ ತರಬೇಕೆಂಬುದು ನನ್ನ ಅಪೇಕ್ಷೆ.

ನಮಸ್ಕಾರ.